ಸೀಸದ ಕಡ್ಡಿಯಲ್ಲಿ ಬಂಗುಡೆ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಿಮ್ಮ ಹವ್ಯಾಸದ ಬಗ್ಗೆ ಹದಿನೈದು ನಿಮಿಷ ಮಾತಾಡಿ ಎಂದು ಕಾರ್ಯದರ್ಶಿಗಳು ಫೋನ್ ಮಾಡಿದಾಗ ಹೂಂ ಅಂದುಬಿಟ್ಟೆ. ವಿಷಯ ಏನು ಅಂದರು. ಪೆನ್ಸಿಲ್‌ನಲ್ಲಿ ಮೀನು ಬಿಡಿಸುವುದು ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, “ಮೀನೇ ಆಗಬೇಕಾ? ಹೂವು, ಬಳ್ಳಿ ಏನಾದರೂ...” ಅಂದರು. ನಮ್ಮ ಸಂಘದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಮೀನು ಒಳಗೆ ಬರುವುದಿಲ್ಲ ಎಂದು ನನಗೂ ಗೊತ್ತು. “ಕಾಗದದ ಮೇಲಿನ ಮೀನಿಗೆ ವಾಸನೆ ಇರೋದಿಲ್ಲ ಮೇಡಂ” ಅಂದೆ. ಅವರು ನಕ್ಕರು, ನಾನೂ ನಕ್ಕೆ. ಆ ನಗೆಚಾಟಿಕೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪೆನ್ಸಿಲ್. ನಾವು ಸಣ್ಣವರಿದ್ದಾಗ ಅದನ್ನು ಸೀಸದ ಕಡ್ಡಿ ಅನ್ನುತ್ತಿದ್ದೆವು. ಅದರಲ್ಲಿ ಸೀಸ ಚೂರೂ ಇಲ್ಲ. ಹದಿನಾರನೇ ಶತಮಾನದಲ್ಲಿ ಇಂಗ್ಲೆಂಡಿನ ಬಾರೊಡೇಲ್ ಎಂಬಲ್ಲಿ ಕಪ್ಪಗೆ ಹೊಳೆಯುವ ಮೆತ್ತನೆಯ ಖನಿಜ ಸಿಕ್ಕಿತು. ಕುರಿಗಳ ಮೈಮೇಲೆ ಗುರುತು ಹಾಕಲು ಅದನ್ನು ಬಳಸುತ್ತಿದ್ದರಂತೆ. ಅದೂ ಸೀಸದ ಒಂದು ಜಾತಿ ಎಂದುಕೊಂಡರು. 1779ರಲ್ಲಿ ಶೀಲೆ ಎಂಬ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಇದು ಇಂಗಾಲ ಎಂದು ತೋರಿಸಿದ. ಹತ್ತು ವರ್ಷದ ನಂತರ ವೆರ್ನರ್ ಎಂಬವನು ಬರೆಯುವುದು ಎಂಬರ್ಥದ ಗ್ರೀಕ್ ಪದ ತೆಗೆದುಕೊಂಡು ಗ್ರಾಫೈಟ್ ಎಂದು ಹೆಸರಿಟ್ಟ. ಅಷ್ಟು ಹೊತ್ತಿಗೆ ತಡವಾಗಿತ್ತು. ತಪ್ಪು ಹೆಸರು ಕನ್ನಡದವರೆಗೂ ಬಂದು ನಮ್ಮ ಕಂಪಾಸು ಬಾಕ್ಸಿನಲ್ಲಿ ಕೂತಿತು.

ಇನ್ನೊಂದು ವಿಷಯ ನಮ್ಮ ಮಧುರವಾಡದ್ದು. ಕೈಲಾಸಗಿರಿ, ಸಿಂಹಾಚಲದ ಕಡೆಯ ಬೆಟ್ಟಗಳಲ್ಲಿ ಕೆಂಪು ಬಣ್ಣ ಬಳಿದ ಹಾಗೆ ಕಾಣುವ ಕಲ್ಲಿದೆಯಲ್ಲ, ಅದರ ಹೆಸರು ಖೊಂಡಲೈಟ್. ಪೂರ್ವಘಟ್ಟದ ಖೋಂಡ ಜನರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಆ ಜಾತಿಯ ಕಲ್ಲಿನಲ್ಲಿ ಗ್ರಾಫೈಟಿನ ಹಾಳೆಗಳು ಹೊಳೆಯುವುದುಂಟು. ಅಂದರೆ ನಾವು ದಿನಾ ಆಫೀಸಿಗೆ ಹೋಗುವಾಗ ಕಾಣುವ ಬೆಟ್ಟಸಾಲು ಪೆನ್ಸಿಲ್ಲಿನ ದೂರದ ನೆಂಟ.

ಈಗ ಮೀನು. ಮೀನು ಏಕೆ ಬೆಳ್ಳಿಯ ಹಾಗೆ ಹೊಳೆಯುತ್ತದೆ? ಬೆಳ್ಳಿ ಬಣ್ಣ ಅಂತ ಅದರ ಮೈಯಲ್ಲಿ ಯಾವುದೂ ಇಲ್ಲ. ಚರ್ಮದ ಒಳಗೆ ಗ್ವಾನಿನ್ ಎಂಬ ವಸ್ತುವಿನ ಅತಿ ತೆಳುವಾದ ಹರಳುಗಳು ದೋಸೆ ಪೇರಿಸಿಟ್ಟ ಹಾಗೆ ಒಂದರ ಮೇಲೊಂದು ಮಲಗಿರುತ್ತವೆ. ಬೆಳಕು ಆ ಪದರಗಳಿಂದ ವಾಪಸು ಬರುತ್ತದೆ. ಗ್ರಾಫೈಟಿನ ಕತೆಯೂ ಹೆಚ್ಚು ಕಡಿಮೆ ಹಾಗೇ. ಇಂಗಾಲದ ಪರಮಾಣುಗಳು ಜೇನುಗೂಡಿನ ಹಾಗೆ ಹಾಳೆ ಹಾಳೆಯಾಗಿ ಜೋಡಿಸಿಕೊಂಡಿವೆ. ಹಾಳೆಯೊಳಗೆ ಹಿಡಿತ ಗಟ್ಟಿ, ಹಾಳೆ ಹಾಳೆಗಳ ನಡುವೆ ಸಡಿಲ. ನಾವು ಗೀರಿದಾಗ ಪದರಗಳು ಜಾರಿ ಕಾಗದಕ್ಕೆ ಅಂಟಿಕೊಳ್ಳುತ್ತವೆ. ಒತ್ತಿ ಉಜ್ಜಿದರೆ ಅವೆಲ್ಲ ಒಂದೇ ಕಡೆಗೆ ಮಲಗಿ ಮಿರಮಿರ ಹೊಳೆಯುತ್ತವೆ. ಇದ್ದಿಲಿನಲ್ಲಿ ಚಿತ್ರ ಬಿಡಿಸುವವರು ಈ ಹೊಳಪನ್ನು ಬೈಯುತ್ತಾರೆ. ಕಪ್ಪು ಬೇಕಾದ ಕಡೆ ಕಪ್ಪಾಗದೆ ಫಳಫಳ ಅನ್ನುತ್ತದೆ, ಫೋಟೋ ತೆಗೆದರೆ ಬಿಳಿಚಿಕೊಳ್ಳುತ್ತದೆ ಎಂದು. ಮುಖ ಬಿಡಿಸುವವರಿಗೆ ಅದು ತೊಂದರೆ ನಿಜ. ಬಂಗುಡೆ ಬಿಡಿಸುವವಳಿಗೆ ಅದೇ ಬೇಕು. ಹಾಳೆಯನ್ನು ಸ್ವಲ್ಪ ಓರೆ ಮಾಡಿದರೆ ಕತ್ತಲಾಗಿದ್ದ ಬೆನ್ನಿನ ಮೇಲೆ ಬೆಳಕು ಓಡುತ್ತದೆ. ಕೈಯಲ್ಲಿ ಹಿಡಿದ ಮೀನನ್ನು ತಿರುಗಿಸಿದರೂ ಹಾಗೇ ಆಗುತ್ತದೆ. ಜಲವರ್ಣದಲ್ಲಿ ಇದನ್ನು ಮಾಡಲು ನನಗೆ ಇವತ್ತಿಗೂ ಬಂದಿಲ್ಲ.

ಪೆನ್ಸಿಲ್ಲುಗಳಲ್ಲಿ ಗಟ್ಟಿ, ಮೆದು ಎಂಬ ದರ್ಜೆಗಳಿರುವುದು ನಿಮಗೆ ಗೊತ್ತು. 1795ರಲ್ಲಿ ಫ್ರಾನ್ಸಿನ ಕಾಂಟೆ ಎಂಬವನು ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ ಸುಟ್ಟು ಕಡ್ಡಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಮಣ್ಣು ಹೆಚ್ಚಾದರೆ ಗಟ್ಟಿ, ಬೂದು. ಕಡಿಮೆಯಾದರೆ ಮೆದು, ಕಪ್ಪು. ನಾನು ಬಳಸುವುದು ಮೂರೇ. ಹೊಟ್ಟೆಯ ಕಡೆಗೆ 2ಎಚ್, ಮೈಗೆ ಎಚ್‌ಬಿ, ಬೆನ್ನಿಗೂ ಕಣ್ಣಿಗೂ 4ಬಿ. ಹನ್ನೆರಡು ಪೆನ್ಸಿಲ್ಲಿನ ತಗಡಿನ ಡಬ್ಬಿ ಕೊಂಡು ಒಂಬತ್ತನ್ನು ಮಗನಿಗೆ ಕೊಟ್ಟೆ.

ಮೀನು ಬಿಡಿಸಲು ಕೂತಾಗ ಮೊದಲು ಸೋಲುವುದು ನೆರಳಿನಲ್ಲಿ. ಸೇಬು ಬಿಡಿಸುವಾಗ ಮೇಲೆ ಬೆಳಕು, ಕೆಳಗೆ ನೆರಳು ಎಂದು ಡ್ರಾಯಿಂಗ್ ಮೇಷ್ಟ್ರು ಕಲಿಸಿರುತ್ತಾರೆ. ಮೀನಿನಲ್ಲಿ ಅದು ತಿರುಗುಮುರುಗು. ಬೆನ್ನು ಕಪ್ಪು, ಹೊಟ್ಟೆ ಬಿಳಿ. ಮೇಲಿಂದ ಬೀಳುವ ಬಿಸಿಲಿಗೆ ಕಪ್ಪು ಬೆನ್ನು, ಕೆಳಗಿನ ನೆರಳಿಗೆ ಬಿಳಿ ಹೊಟ್ಟೆ. ಎರಡೂ ಸರಿದೂಗಿ ನೀರೊಳಗೆ ಮೀನು ಕಾಣದ ಹಾಗೆ ಚಪ್ಪಟೆಯಾಗುತ್ತದೆ. ಇದನ್ನು 1896ರಲ್ಲಿ ಬರೆದು ತೋರಿಸಿದವನು ವಿಜ್ಞಾನಿಯಲ್ಲ, ಅಬಟ್ ಥೇಯರ್ ಎಂಬ ಅಮೆರಿಕದ ಚಿತ್ರಕಾರ. ನೆರಳು ಹಚ್ಚಿ ಹಚ್ಚಿ ಸೋತವನಿಗೇ ಅದು ಹೊಳೆಯಬೇಕು! ನಾನು ಬಿಡಿಸಿದ ಮೊದಲ ಏಳೆಂಟು ಬಂಗುಡೆಗಳು ಇಸ್ತ್ರಿ ಮಾಡಿದ ಹಾಗಿದ್ದವು. ಮೀನು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು, ನನಗದು ತಿಳಿಯಲಿಲ್ಲ. ಈಗ ಮೀನನ್ನು ಕಿಟಕಿಯ ಪಕ್ಕ ಇಟ್ಟು ಬೆಳಕು ಅಡ್ಡಡ್ಡ ಬೀಳುವಂತೆ ಮಾಡಿಕೊಳ್ಳುತ್ತೇನೆ. ಆಗ ಅದರ ಉಪಾಯ ನಡೆಯುವುದಿಲ್ಲ.

ಹುರುಪೆಗಳನ್ನು ಒಂದೊಂದಾಗಿ ಬಿಡಿಸಬೇಡಿ. ಅದು ಹೆಂಚಿನ ಮಾಡಾಗುತ್ತದೆ. ಹಿಟ್ಟಿನ ಹಾಗೆ ಮೆದುವಾದ ರಬ್ಬರಿನಿಂದ ಅಲ್ಲಲ್ಲಿ ಒತ್ತಿ ಗ್ರಾಫೈಟ್ ಎತ್ತಿದರೆ ಸಾಕು, ಕಣ್ಣು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಬಂಗುಡೆಗೆ ಬೇಕೇ ಬೇಕಾದ ಗುರುತುಗಳು ಬೇರೆ. ಬಾಲದ ಹತ್ತಿರ ಮೇಲೂ ಕೆಳಗೂ ಐದೈದು ಪುಟ್ಟ ರೆಕ್ಕೆಗಳು, ಬೆನ್ನಿನ ಉದ್ದಕ್ಕೂ ಕಪ್ಪು ಗೆರೆಗಳು, ಎದೆಯ ರೆಕ್ಕೆಯ ಬುಡದಲ್ಲಿ ಒಂದು ಕಪ್ಪು ಬೊಟ್ಟು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿದವರಿಗೆ ಒಂದೇ ಗೆರೆಯಲ್ಲಿ ಮೈಯ ಬಳುಕು ಬರುವುದು ಹೇಗೆಂದು ಗೊತ್ತಿರುತ್ತದೆ. ನನಗೆ ಆ ಧೈರ್ಯ ಇಲ್ಲ. ನಾನು ಹತ್ತು ಗೆರೆ ಹಾಕಿ ಒಂಬತ್ತನ್ನು ಅಳಿಸುವವಳು. ಪೆನ್ಸಿಲ್ ನನ್ನಂಥವರಿಗಾಗಿಯೇ ಇರುವುದು.

ನಾವಿರುವ ಈ ಊರಿಗೂ ಮೀನಿನ ಚಿತ್ರಕ್ಕೂ ಹಳೆಯ ಸಂಬಂಧ ಇದೆ ಎಂದು ತಿಳಿದದ್ದು ಇತ್ತೀಚೆಗೆ. ನಮ್ಮ ಕೊಳಕುಮಂಡಲ ಹಾವಿಗೆ ಇಂಗ್ಲಿಷಿನಲ್ಲಿ ರಸಲ್ಸ್ ವೈಪರ್ ಎನ್ನುತ್ತಾರಲ್ಲ, ಆ ಪ್ಯಾಟ್ರಿಕ್ ರಸಲ್ ವೈದ್ಯ, ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗ ವಿಜ್ಞಾನಿ. 1780ರ ದಶಕದಲ್ಲಿ ವಿಶಾಖಪಟ್ಟಣದಲ್ಲಿದ್ದ. ಇಲ್ಲಿನ ದಡಕ್ಕೆ ಬಂದ ಮೀನುಗಳನ್ನೆಲ್ಲ ಕೂಡಿಸಿ ಚಿತ್ರ ಬರೆಸಿದ. 1803ರಲ್ಲಿ ಲಂಡನ್ನಿನಲ್ಲಿ ಅದು ಎರಡು ಸಂಪುಟಗಳ ಪುಸ್ತಕವಾಗಿ ಬಂತು. ವಿಶಾಖಪಟ್ಟಣದಲ್ಲಿ ಸಂಗ್ರಹಿಸಿದ ಇನ್ನೂರು ಮೀನುಗಳ ವಿವರಣೆ ಮತ್ತು ಚಿತ್ರ ಎಂದೇ ಅದರ ಹೆಸರಿನ ಅರ್ಥ. ಬಣ್ಣ ಇಲ್ಲ, ಎಲ್ಲ ಕಪ್ಪು ಗೆರೆಯ ಅಚ್ಚು. ಚಿತ್ರ ಬರೆದವನು ಈ ದೇಶದವನೇ, ಆದರೆ ಅವನ ಹೆಸರಿಲ್ಲ. ರಸಲ್ ಒಂದು ಒಳ್ಳೆಯ ಕೆಲಸ ಮಾಡಿದ. ಮೀನುಗಳಿಗೆ ಇಲ್ಲಿಯವರು ಏನೆನ್ನುತ್ತಿದ್ದರೋ ಆ ಹೆಸರುಗಳನ್ನೇ ಕೇಳಿ ಬರೆದುಕೊಂಡ. ಆಮೇಲೆ ಪ್ಯಾರಿಸಿನ ಕುವಿಯೇ ಆ ಚಿತ್ರಗಳನ್ನು ನೋಡಿ ಕೆಲವು ಹೆಸರುಗಳನ್ನು ಹಾಗೆ ಹಾಗೇ ವೈಜ್ಞಾನಿಕ ಹೆಸರುಗಳನ್ನಾಗಿ ಮಾಡಿದ. 1816ರಲ್ಲಿ ಹಾಗೆ ಹೆಸರು ಪಡೆದ ಒಂದು ಮೀನು ಕಾನಗುರ್ತ. ಈಗ ಅದರ ಪೂರ್ತಿ ಹೆಸರು ರಾಸ್ಟ್ರೆಲಿಗರ್ ಕಾನಗುರ್ತ. ಯಾವ ಮೀನು ಗೊತ್ತೇ? ನಮ್ಮ ಬಂಗುಡೆ!

ಮಲ್ಪೆ, ಗಂಗೊಳ್ಳಿ, ಕಾರವಾರದಲ್ಲಿ ಮಾರುವ ಬಂಗುಡೆಗೆ ಪ್ರಪಂಚವಿಡೀ ವಿಜ್ಞಾನಿಗಳು ಕರೆಯುವ ಹೆಸರು ವಿಶಾಖಪಟ್ಟಣದ ಬೀದಿಯದ್ದು. ಇದನ್ನು ಓದಿದ ದಿನ ರಾತ್ರಿ ಹನ್ನೊಂದಕ್ಕೆ ನನಗೊಂದು ಪ್ರೊಡಕ್ಷನ್ ಇಶ್ಯೂ ಇತ್ತು. ಕಾಲ್‌ನಲ್ಲಿದ್ದುಕೊಂಡೇ ಇನ್ನೊಂದು ಕಿಟಕಿಯಲ್ಲಿ ಆ ಪುಸ್ತಕದ ಸ್ಕ್ಯಾನ್ ತೆರೆದು ನೋಡುತ್ತಿದ್ದೆ. ನಮ್ಮ ಮ್ಯಾನೇಜರ್ ಈ ಸಂಚಿಕೆ ಓದುವುದಿಲ್ಲ ಎಂಬ ಧೈರ್ಯದಲ್ಲಿ ಹೇಳುತ್ತಿದ್ದೇನೆ.

ಈಗ ಅಮ್ಮನ ವಿಷಯ. ಹೋದ ಜನವರಿಯಲ್ಲಿ ಅಮ್ಮ ಊರಿಂದ ಬಂದಿದ್ದರು. ಕುಂದಾಪುರದ ಹತ್ತಿರ ಗಂಗೊಳ್ಳಿ ನಮ್ಮೂರು. ಅಮ್ಮನಿಗೆ ಅರವತ್ತಾರು, ಎಡಗಣ್ಣಿನಲ್ಲಿ ಪೊರೆ ಬಂದಿದೆ. ನಾನು ಚೌಕಟ್ಟು ಹಾಕಿಸಿ ಹಾಲಿನಲ್ಲಿ ತೂಗು ಹಾಕಿದ್ದ ಬಂಗುಡೆಯ ಚಿತ್ರವನ್ನು ಕೆಳಗಿಳಿಸಿ, ಕಿಟಕಿಯ ಹತ್ತಿರ ಒಯ್ದು, ಅತ್ತ ಇತ್ತ ಓರೆ ಮಾಡಿ ನೋಡಿದರು. ನನಗೆ ಒಳಗೊಳಗೇ ಖುಷಿ. ಮೂರು ಸಂಜೆ ಕೂತು ಬಿಡಿಸಿದ ಚಿತ್ರ, ಅಪಾರ್ಟ್‌ಮೆಂಟಿನ ಪ್ರದರ್ಶನದಲ್ಲಿ ಎಲ್ಲರೂ ಹೊಗಳಿದ್ದರು. ಅಮ್ಮ ಹೇಳಿದ್ದು ಇಷ್ಟೇ:

“ಹೆಣೇ, ಇದ್ ಹಳ್ತ್ ಮೀನ್. ಯಾರೂ ತಕಣುದಿಲ್ಲೆ.”

ಸರಿಯಾಗಿಯೇ ಹೇಳಿದ್ದರು. ಮೂರು ಸಂಜೆಯೂ ಅದು ಫ್ರಿಜ್ಜಿನಿಂದ ಹೊರಗೆ ಬಂದು ಒಳಗೆ ಹೋದ ಮೀನು. ಒಂದೇ ಕಣ್ಣಿನಲ್ಲಿ ಸರಿಯಾಗಿ ಕಾಣುವ ಅಮ್ಮ, ಬಣ್ಣವೇ ಇಲ್ಲದ ಚಿತ್ರದಲ್ಲಿ ಅದನ್ನು ಹೇಗೆ ಕಂಡರು? ಕೂತು ಒಂದೊಂದಾಗಿ ಕೇಳಿದೆ. ಕಣ್ಣು ಒಳಗೆ ಹೋಗಿದೆ, ಗುಡ್ಡೆಯ ಮೇಲೆ ಮಂಜು ಕೂತ ಹಾಗಿದೆ ಅಂದರು. ಹೊಸ ಮೀನಿನ ಕಣ್ಣು ಉಬ್ಬಿರುತ್ತದೆ, ಹನಿ ನೀರು ನಿಂತ ಹಾಗೆ. ಬೆನ್ನಿನ ಗೆರೆ ಜೋತು ಬಿದ್ದಿದೆ. ಹೊಸದಾದರೆ ತಲೆ ಹಿಡಿದು ಎತ್ತಿದರೂ ಬಾಲ ಸೆಟೆದು ನಿಲ್ಲುತ್ತದೆ. ಹೊಟ್ಟೆಯ ಅಂಚು ಮೆತ್ತಗಾಗಿದೆ. ನಾನು ನಾಜೂಕು ಎಂದುಕೊಂಡು ಬೆರಳಿನಿಂದ ತೀಡಿ ತೀಡಿ ಹೊಟ್ಟೆಯನ್ನು ಹಿನ್ನೆಲೆಯಲ್ಲಿ ಕರಗಿಸಿದ್ದೆ. ಅಮ್ಮನಿಗೆ ಅದು ಕೊಳೆಯಲು ಶುರುವಾದ ಹೊಟ್ಟೆ. “ಕಿವಿರ್ ಕೆಂಪ್ ಎಲ್ಲಿತ್ತ್?” ಎಂದೂ ಕೇಳಿದರು. ಪೆನ್ಸಿಲ್‌ನಲ್ಲಿ ಕೆಂಪು ಇಲ್ಲಮ್ಮ ಅಂದೆ. “ಹಂಗಾರೆ ಕಣ್ಣಗೇ ಹೇಳ್ಕ್” ಅಂದರು.

ಅದಕ್ಕಿಂತ ಒಳ್ಳೆಯ ಡ್ರಾಯಿಂಗ್ ಪಾಠ ನನಗೆ ಯಾವ ಆನ್‌ಲೈನ್ ಕೋರ್ಸಿನಲ್ಲೂ ಸಿಕ್ಕಿಲ್ಲ, ದುಡ್ಡು ಮಾತ್ರ ಸುಮಾರು ಕಟ್ಟಿದ್ದೇನೆ.

ಮರುದಿನ ಬೆಳಿಗ್ಗೆ ಗೇಟಿನ ಹತ್ತಿರ ಬುಟ್ಟಿ ಇಳಿಸಿದ ಮೀನಿನ ಹೆಂಗಸಿನ ಹತ್ತಿರ ಅಮ್ಮನೇ ಹೋದರು. ಇವರಿಗೆ ತೆಲುಗು ಬಾರದು, ಆಕೆಗೆ ಕನ್ನಡ ಬಾರದು. ಅಮ್ಮ ಬಂಗುಡೆ ಅಂದರು, ಆಕೆ ಕಾನಗುರ್ತ ಅನ್ನುವ ಹಾಗೆ ಏನೋ ಅಂದಳು. ಇನ್ನೂರು ವರ್ಷದ ಹಿಂದೆ ರಸಲ್‌ಗೆ ಕೇಳಿಸಿದ ಹಾಗೆಯೇ ನನಗೂ ಕೇಳಿಸಿತು. ಆಕೆ ಹೇಳಿದ ರೇಟಿಗೆ ನಾನು ದುಡ್ಡು ತೆಗೆಯಲು ಹೋದೆ. ಅಮ್ಮ ಕೈ ಹಿಡಿದು ತಡೆದರು. ಬೆರಳಲ್ಲೇ ಲೆಕ್ಕ ತೋರಿಸಿ ಹತ್ತು ರೂಪಾಯಿ ಇಳಿಸಿದರು, ಹೊರಡುವಾಗ ಆ ಹತ್ತನ್ನೂ ಆಕೆಯ ಕೈಯಲ್ಲೇ ಇಟ್ಟರು. ಇದೆಂಥ ವ್ಯಾಪಾರ ಅಂದೆ. ಚೌಕಾಸಿ ಮಾಡದೆ ಕೊಂಡರೆ ಮೀನು ಗೊತ್ತಿಲ್ಲದವರು ಎಂದುಕೊಳ್ಳುತ್ತಾಳೆ, ನಾಳೆಯಿಂದ ನಿನಗೆ ಹಳೆಯದೇ ಕೊಡುತ್ತಾಳೆ ಅಂದರು. ಅಮ್ಮನಿಗೆ ಇದೆಲ್ಲ ಹೇಗೆ ಗೊತ್ತು ಎಂದರೆ, ಅಮ್ಮ ಮೂವತ್ತೆರಡು ವರ್ಷ ಮೀನು ಮಾರಿದವರು.

ಗಂಗೊಳ್ಳಿ ಬಂದರಿನಲ್ಲಿ ಬೆಳಗಿನ ಜಾವ ಮೀನು ಎತ್ತಿ, ಬಸ್ಸಿನಲ್ಲಿ ಹಿಂದಿನ ಸೀಟಿನ ಹತ್ತಿರ ನಿಂತು ಹೆಮ್ಮಾಡಿ, ವಂಡ್ಸೆ ಕಡೆಗೆ ಹೋಗಿ, ಅಲ್ಲಿಂದ ತಲೆಮೇಲೆ ಹೊತ್ತು ಮನೆ ಮನೆಗೆ. ಹೆಚ್ಚಿನ ಮನೆಗಳಲ್ಲಿ ಸಾಲ. ಅಮ್ಮನಿಗೆ ಓದು ಬರಹ ಬಾರದು. ಸಂಜೆ ಅವರು ನೆನಪಿನಿಂದ ಹೇಳುತ್ತಿದ್ದರು, ಐದನೇ ಕ್ಲಾಸಿನ ನಾನು ಬರೆಯುತ್ತಿದ್ದೆ. ಮೇಲಿನ ಮನೆ ನಲವತ್ತು, ಸಂಕದ ಹತ್ತಿರದವರು ಇಪ್ಪತ್ತೈದು, ಮೇಷ್ಟ್ರ ಮನೆ ಕೊಟ್ಟಾಯಿತು. ಹೊಸ ಶಾಯಿ ಪೆನ್ನಿತ್ತು, ಅದರಲ್ಲೇ ಬರೆಯುವ ಹುಮ್ಮಸ್ಸು ನನಗೆ. ಒಂದು ಮಳೆಗಾಲ ಪುಸ್ತಕ ಬುಟ್ಟಿಯೊಳಗೆ ಮೀನಿನ ನೀರಿನಲ್ಲಿ ಮುಳುಗಿತು. ತೆಗೆದು ನೋಡಿದರೆ ಎರಡು ತಿಂಗಳ ಲೆಕ್ಕ ನೀಲಿ ಮೋಡ. ನೆನಪಿದ್ದವರು ಕೊಟ್ಟರು, ಕೆಲವರು ಕೊಡಲಿಲ್ಲ. ಬರೆದದ್ದೇ ಇಲ್ಲದ ಮೇಲೆ ಹೇಗೆ ಕೇಳುವುದು ಎಂದು ಅಮ್ಮನೂ ಸುಮ್ಮನಾದರು. ಆಮೇಲೆ ನಾನು ಬರೆದದ್ದೆಲ್ಲ ಸೀಸದ ಕಡ್ಡಿಯಲ್ಲಿ. ಗ್ರಾಫೈಟ್ ನೀರಿನಲ್ಲಿ ಕರಗುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ. ಮೀನಿನ ಮಾದರಿಗಳನ್ನು ಜಾಡಿಯಲ್ಲಿಡುವ ವಿಜ್ಞಾನಿಗಳು ಒಳಗೆ ಹಾಕುವ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯುವುದೂ ಇದೇ ಕಾರಣಕ್ಕೆ. ನನಗದು ಆಗ ಗೊತ್ತಿರಲಿಲ್ಲ. ಆ ಪುಸ್ತಕದ ಹಿಂದಿನ ಪುಟಗಳಲ್ಲಿ ಲೆಕ್ಕ ಮುಗಿದ ಮೇಲೆ ಬುಟ್ಟಿಯಲ್ಲಿ ಉಳಿದ ಮೀನು ಬಿಡಿಸುತ್ತಿದ್ದೆ. ಆವಾಗಿನದೂ ಹಳೆಯ ಮೀನೇ, ಯೋಚಿಸಿ ನೋಡಿದರೆ. ಮಾರಾಟವಾಗದೆ ಉಳಿದದ್ದು.

ಮೊದಲು ಹೇಳಿದೆನಲ್ಲ, ವಾಸನೆಯ ನಗೆಚಾಟಿಕೆ. ಅದನ್ನು ನಾನು ಇಪ್ಪತ್ತು ವರ್ಷದಿಂದ ಬೇರೆ ಬೇರೆ ತರದಲ್ಲಿ ಹೇಳುತ್ತಾ ಬಂದಿದ್ದೇನೆ, ಬೇರೆಯವರು ಹೇಳುವ ಮೊದಲೇ ನಾನೇ ಹೇಳಿಬಿಡೋಣ ಅಂತ. ಹಾಸ್ಟೆಲ್ಲಿನಲ್ಲಿ ನನ್ನ ಬಟ್ಟೆಯ ಪೆಟ್ಟಿಗೆಯನ್ನು ಒಬ್ಬಳು ಮೂಸಿ ನೋಡಿದ್ದಳು. ಆವತ್ತಿನಿಂದ ಶುರು. ಎಂ.ಟೆಕ್. ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬ ಕಡೆ ಗೃಹಿಣಿ ಎಂದು ಬರೆದೆ. ಪಕ್ಕದಲ್ಲೇ ಕೂತಿದ್ದ ಅಮ್ಮ ಎಂತ ಬರೆದೆ ಅಂತ ಕೇಳಿದರು. ಮೀನು ವ್ಯಾಪಾರ ಅಂತ ಬರೆದಿದ್ದೇನೆ ಅಂದೆ. ಓದಲು ಬಾರದ ತಾಯಿಗೆ ಹಾಗೆ ಹೇಳುವುದು ಬಹಳ ಸುಲಭ. ಆ ಫೀಸು ಬಂದದ್ದು ಆ ಬುಟ್ಟಿಯಿಂದಲೇ. ಪಾಸ್‌ಪೋರ್ಟಿಗೆ ಓಡಾಡಿದಾಗ, ಮದುವೆಯ ಮಾತುಕತೆಯಲ್ಲಿ, ಕಡೆಗೆ ನಮ್ಮ ಸಂಘದ ಕುಟುಂಬ ಪರಿಚಯದ ಅಂಕಣದಲ್ಲೂ ಅದೇ ಗೃಹಿಣಿ. ಪೆನ್ನಿನಲ್ಲಿ ಬರೆದದ್ದು, ಅಳಿಸಲು ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸಂಘದ್ದು ಕಂಪ್ಯೂಟರಿನಲ್ಲಿದೆ, ಅದಕ್ಕೆ ಆ ನೆಪವೂ ಇಲ್ಲ. ಈ ಸಲದ ಪರಿಚಯವನ್ನು ತಿದ್ದಿ ಕಳಿಸಿದ್ದೇನೆ. ಅಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ. ಈ ಸಭೆಯ ರೆಕಾರ್ಡಿಂಗ್ ಬಂದ ಮೇಲೆ ಅಣ್ಣನ ಫೋನಿಗೆ ಕಳಿಸುತ್ತೇನೆ, ಕೇಳಲಿ. ಆಮೇಲೆ ಬೈಗುಳ ಬಂದರೆ ಬರಲಿ.

ನೀವು ಈಗ ಪರದೆಯ ಮೇಲೆ ನೋಡುತ್ತಿರುವ ಚಿತ್ರ ಆವತ್ತು ಅಮ್ಮ ಕೊಂಡ ಮೀನಿನದು. ನಲವತ್ತು ನಿಮಿಷದ್ದು, ಅದಕ್ಕಿಂತ ಹೆಚ್ಚು ಸಮಯ ಅಮ್ಮ ಕೊಡಲಿಲ್ಲ. ಸಾರಿಗೆ ತಡವಾಗುತ್ತದೆ ಅಂದರು. ಐದೈದು ನಿಮಿಷಕ್ಕೆ ಬಂದು ಮೀನಿನ ಮೇಲೆ ನೀರು ಚಿಮುಕಿಸಿ ಹೋಗುತ್ತಿದ್ದರು. ಕಣ್ಣನ್ನು ಮೊದಲು ಬಿಡಿಸಿದೆ, ಏಕೆಂದರೆ ಮೊದಲು ಹೋಗುವುದು ಅದೇ. 4ಬಿಯಲ್ಲಿ ಒತ್ತಿ ಕಪ್ಪು, ನಡುವೆ ಕಾಗದದ ಬಿಳಿಯನ್ನೇ ಚುಕ್ಕೆಯಾಗಿ ಬಿಟ್ಟದ್ದು. ರಬ್ಬರಿನಿಂದ ತೆಗೆದ ಬಿಳಿಗೆ ಆ ಒದ್ದೆ ಬರುವುದಿಲ್ಲ. ಬೆನ್ನಿನ ಗೆರೆ ತಲೆಯಿಂದ ಬಾಲದವರೆಗೆ ಒಂದೇ ಉಸಿರಿನದು, ಈ ಸಲ ಅಳಿಸಿಲ್ಲ. ಹೊಟ್ಟೆಯ ಅಂಚನ್ನು ತೀಡಲಿಲ್ಲ, 2ಎಚ್‌ನಲ್ಲಿ ಚೂಪಾಗಿ ನಿಲ್ಲಿಸಿದೆ. ಬಾಲ ಅರ್ಧಕ್ಕೇ ನಿಂತಿದೆ, ಅಷ್ಟರಲ್ಲಿ ಮೀನು ಒಲೆಗೆ ಹೋಯಿತು. ಹೊಟ್ಟೆಯ ಕೆಳಗೆ ಬೂದು ಬಣ್ಣದ ಒಂದು ಕಲೆ ಕಾಣುತ್ತದಲ್ಲ, ಅದು ಅಮ್ಮನ ಹೆಬ್ಬೆರಳು. ಹೊಸ ಮೀನು ಹೌದೋ ಅಲ್ಲವೋ ಎಂದು ಒತ್ತಿ ನೋಡಿದರು.

ಅಷ್ಟೇ ನನ್ನ ಮಾತು. ಬರುವ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಮನೆಯಲ್ಲಿ ಕೂತು ಬಿಡಿಸೋಣ ಎಂದುಕೊಂಡಿದ್ದೇವೆ. ಇಲ್ಲಿನ ಮೀನುಗಾರಿಕೆ ರಜೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇತ್ತು, ಈಗ ಮುಗಿದಿದೆ, ಹೊಸ ಮೀನಿಗೆ ಕೊರತೆ ಇಲ್ಲ. ನಮ್ಮೂರಲ್ಲಿ ಜುಲೈ ಕೊನೆಯವರೆಗೂ ದೋಣಿ ಕಟ್ಟಿಟ್ಟಿರುತ್ತಾರೆ, ಆದ್ದರಿಂದ ಅಮ್ಮನಿಗೆ ಹೊಟ್ಟೆಕಿಚ್ಚು. ಎರಡು ಪೆನ್ಸಿಲ್, ಒಂದು ರಬ್ಬರ್, ದಪ್ಪ ಕಾಗದ ತನ್ನಿ. ಮೀನು ಮುಟ್ಟದವರಿಗೆ ಬದನೆಕಾಯಿ ಇಟ್ಟಿರುತ್ತೇನೆ. ಅದೂ ಚೆನ್ನಾಗಿ ಹೊಳೆಯುತ್ತದೆ, ಅದರ ತೊಟ್ಟು ಬಿಡಿಸುವುದು ಮೀನಿನ ಬಾಲಕ್ಕಿಂತ ಕಷ್ಟ. ವಿಜಯವಾಡದವರು ವಿಡಿಯೋದಲ್ಲಿ ಸೇರಬಹುದು. ನಿಮ್ಮ ಮೀನನ್ನು ಮಾತ್ರ ನೀವೇ ಚೌಕಾಸಿ ಮಾಡಿ ತರಬೇಕು.